ಜೀವಕೋಶದ ಸಾವು: ಸೂಕ್ಷ್ಮದರ್ಶಕ ನುಡಿಯುವ ಸಾಕ್ಷ್ಯ

ಗೊದಮೊಟ್ಟೆಯು ಕಪ್ಪೆಯಾಗಿ ಬೆಳೆಯುವಾಗ ಅದರ ಬಾಲವು ಎಲ್ಲಿಗೆ ಹೋಗುತ್ತದೆ? ಪ್ರಾಥಮಿಕ ಶಾಲೆಯ ಬಾಲಕನೂ ಕೇಳಬಹುದಾದ ಪ್ರಶ್ನೆಯಿದು. ಬಾಲವು ಕಳಚಿ ಬೀಳುವುದಿಲ್ಲ, ಕೊಳೆಯುವುದೂ ಇಲ್ಲ. ಅದರ ಜೀವಕೋಶಗಳು ಒಂದೊಂದಾಗಿ ಸಾಯುತ್ತವೆ. ಅವುಗಳ ಅವಶೇಷವನ್ನು ದೇಹವು ತನ್ನಲ್ಲಿಯೇ ಅರಗಿಸಿಕೊಳ್ಳುತ್ತದೆ. ಅಲ್ಲಿ ಹುಣ್ಣಿಲ್ಲ, ಕೀವಿಲ್ಲ. ಕಾದ ಎಣ್ಣೆ ಸಿಡಿದ ಕೈಯಲ್ಲಿಯೂ ಸಾಯುವುದು ಜೀವಕೋಶಗಳೇ. ಆದರೆ ಅಲ್ಲಿ ಕೆಂಪು, ಬಾವು, ನೋವು ಎಲ್ಲವೂ ಉಂಟು. ಸಾವು ಎಂಬ ಮಾತು ಒಂದೇ ಆದರೂ ಅದರ ರೀತಿ ಒಂದೇ ಅಲ್ಲ. ಈ ಭೇದವನ್ನು ಮನುಷ್ಯನಿಗೆ ಮೊದಲು ತೋರಿಸಿಕೊಟ್ಟದ್ದು ಸೂಕ್ಷ್ಮದರ್ಶಕ.

ಬೆಳೆಯುತ್ತಿರುವ ನೆಲಗಪ್ಪೆಯ ದೇಹದಲ್ಲಿ ಜೀವಕೋಶಗಳು ಸಹಜವಾಗಿ ಅಳಿಯುವುದನ್ನು ಕಾರ್ಲ್ ಫೋಗ್ಟ್ ಎಂಬ ವಿದ್ವಾಂಸನು 1842ರಲ್ಲಿಯೇ ವರ್ಣಿಸಿದ್ದನು. 1885ರಲ್ಲಿ ಜರ್ಮನಿಯ ವಾಲ್ಟರ್ ಫ್ಲೆಮಿಂಗನು ಅಂಡಾಶಯದ ಕೋಶಗಳಲ್ಲಿ ಕೋಶಕೇಂದ್ರವು ಒಡೆದು ಚೂರಾಗುವುದನ್ನು ಕಂಡು ಚಿತ್ರಿಸಿದನು. ಆದರೆ ಈ ಅವಲೋಕನಗಳು ಬಿಡಿಬಿಡಿಯಾಗಿಯೇ ಉಳಿದವು. ಸತ್ತ ಕೋಶಗಳನ್ನು ಕಂಡ ವೈದ್ಯರು ಬಹುಕಾಲ ಸಾಮಾನ್ಯವಾಗಿ ಬಳಸುತ್ತಿದ್ದುದು ‘ನೆಕ್ರೋಸಿಸ್’ ಎಂಬ ಒಂದೇ ಹೆಸರನ್ನು.

ಈ ಸ್ಥಿತಿಯನ್ನು ಬದಲಿಸಿದವರು ಆಸ್ಟ್ರೇಲಿಯದ ರೋಗವಿಜ್ಞಾನಿ ಜಾನ್ ಕರ್. 1960ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಅವರು ಇಲಿಯ ಯಕೃತ್ತಿನ ಕೆಲವು ಭಾಗಗಳಿಗೆ ರಕ್ತವನ್ನೊಯ್ಯುವ ಅಭಿಧಮನಿಯ ಕವಲುಗಳನ್ನು ಕಟ್ಟಿ, ಪರಿಣಾಮವನ್ನು ಪರೀಕ್ಷಿಸಿದರು. ನಿರೀಕ್ಷಿಸಿದಂತೆ ಕೆಲವೆಡೆ ಕೋಶಗಳು ಗುಂಪುಗುಂಪಾಗಿ ಸತ್ತಿದ್ದವು. ಆದರೆ ಉಳಿದುಕೊಂಡ ಆರೋಗ್ಯವಂತ ಭಾಗದಲ್ಲಿ ಅಲ್ಲಲ್ಲಿ, ಒಂಟೊಂಟಿಯಾಗಿ, ಕುಗ್ಗಿದ ಸಣ್ಣ ಉಂಡೆಗಳು ಕಂಡವು. ಕೋಶದೊಳಗಿನ ಜೀರ್ಣಕಾರಕ ಚೀಲಗಳಾದ ಲೈಸೊಸೋಮ್‌ಗಳಿಗೆ ಬಣ್ಣ ಹಾಕಿ ನೋಡಿದಾಗ, ಗುಂಪಾಗಿ ಸತ್ತ ಕೋಶಗಳಲ್ಲಿ ಆ ಚೀಲಗಳು ಒಡೆದಿದ್ದವು. ಒಂಟಿ ಉಂಡೆಗಳಲ್ಲಿ ಅವು ಅಖಂಡವಾಗಿದ್ದವು. ಸುತ್ತಮುತ್ತ ಉರಿಯೂತದ ಸುಳಿವೂ ಇರಲಿಲ್ಲ. ಇದು ಬೇರೆಯೇ ಬಗೆಯ ಸಾವೆಂದು ಕರ್ ತರ್ಕಿಸಿದರು.

ಈ ಎರಡು ಸಾವುಗಳ ಲಕ್ಷಣಗಳನ್ನು ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೂ ಗುರುತಿಸಬಹುದು. ಅಂಗಾಂಶದ ತೆಳುಪದರಕ್ಕೆ ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ ಎರಡು ಬಣ್ಣಗಳನ್ನು ಹಾಕಿದರೆ ಕೋಶಕೇಂದ್ರ ನೀಲಿಯಾಗಿಯೂ ಕೋಶದ್ರವ್ಯ ಗುಲಾಬಿಯಾಗಿಯೂ ತೋರುತ್ತದೆ. ನೆಕ್ರೋಸಿಸ್‌ನಲ್ಲಿ ಕೋಶವು ನೀರು ತುಂಬಿ ಉಬ್ಬುತ್ತದೆ, ಪೊರೆ ಹರಿಯುತ್ತದೆ, ಕೋಶಕೇಂದ್ರದ ನೀಲಿ ಕ್ರಮೇಣ ಮಾಸುತ್ತದೆ, ಒಳಗಿನ ವಸ್ತು ಹೊರಕ್ಕೆ ಚೆಲ್ಲಿ, ಬಿಳಿಯ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಎರಡನೆಯ ಬಗೆಯಲ್ಲಿ ಕೋಶವು ಕುಗ್ಗಿ ನೆರೆಯವುಗಳಿಂದ ಬೇರ್ಪಡುತ್ತದೆ. ಕೋಶದ್ರವ್ಯ ಗಾಢ ಗುಲಾಬಿಯಾಗುತ್ತದೆ. ಕೋಶಕೇಂದ್ರವು ದಟ್ಟ ನೀಲಿಯ ಚೂರುಗಳಾಗುತ್ತದೆ. ಕೊನೆಗೆ ಇಡೀ ಕೋಶ ಪೊರೆ ಸುತ್ತಿದ ಪೊಟ್ಟಣಗಳಾಗಿ ಒಡೆದು, ನೆರೆಯ ಕೋಶಗಳು ಅವನ್ನು ನುಂಗಿಬಿಡುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಪೊಟ್ಟಣಗಳನ್ನೂ ಅವುಗಳ ಅಖಂಡ ಪೊರೆಯನ್ನೂ ಸ್ಪಷ್ಟವಾಗಿ ಕಾಣಬಹುದು.

1972ರಲ್ಲಿ ಕರ್, ಆಂಡ್ರ್ಯೂ ವೈಲಿ ಮತ್ತು ಅಲಸ್ಟೈರ್ ಕರಿ ಎಂಬ ಮೂವರು ಈ ಸಾವಿಗೆ ‘ಅಪೊಪ್ಟೋಸಿಸ್’ ಎಂದು ನಾಮಕರಣ ಮಾಡಿದರು. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್ ಸೂಚಿಸಿದ ಈ ಶಬ್ದಕ್ಕೆ, ಮರದಿಂದ ಎಲೆ ಉದುರುವುದು ಎಂದರ್ಥ. ಹೆಸರು ಸಾರ್ಥಕವಾಗಿದೆ. ಬಿರುಗಾಳಿಗೆ ಕೊಂಬೆ ಮುರಿಯುವುದು ಬೇರೆ, ಹಣ್ಣೆಲೆ ಉದುರುವುದು ಬೇರೆ. ಹಣ್ಣೆಲೆಯ ತೊಟ್ಟನ್ನು ಮರವೇ ಮೊದಲು ಸಡಿಲಗೊಳಿಸಿರುತ್ತದೆ.

ಈ ಸಾವು ಪೂರ್ವನಿಯೋಜಿತವೆಂಬುದಕ್ಕೆ ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ಹುಳುವೊಂದು ಪ್ರಮಾಣ ಒದಗಿಸಿತು. ಅದರ ಕೋಶಗಳು ವಿಭಜಿಸುವುದನ್ನೂ ಸಾಯುವುದನ್ನೂ ಜಾನ್ ಸಲ್‌ಸ್ಟನ್ನರು ಜೀವಂತ ಹುಳುವಿನಲ್ಲಿಯೇ, ಬಣ್ಣ ಹಾಕದೆ, ವಿಶೇಷ ಸೂಕ್ಷ್ಮದರ್ಶಕದಡಿ ತಾಸುಗಟ್ಟಲೆ ಕುಳಿತು ನೋಡಿದರು. ಸಾಯುವ ಕೋಶವು ಹೊಳೆಯುವ ಗುಂಡಿಯಂತೆ ಎದ್ದು ಕಾಣುತ್ತಿತ್ತು. ಆ ಹುಳುವಿನಲ್ಲಿ ಹುಟ್ಟುವ 1090 ದೇಹಕೋಶಗಳ ಪೈಕಿ 131 ಕೋಶಗಳು ಪ್ರತಿಯೊಂದು ಹುಳುವಿನಲ್ಲಿಯೂ ತಪ್ಪದೆ ಸಾಯುತ್ತವೆ. ಈ ಸಾವನ್ನು ಆಳುವ ಜೀನುಗಳನ್ನು ರಾಬರ್ಟ್ ಹಾರ್ವಿಟ್ಸ್ ಗುರುತಿಸಿದರು. ಇವರಿಬ್ಬರಿಗೂ ಸಿಡ್ನಿ ಬ್ರೆನ್ನರ್ ಅವರಿಗೂ 2002ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ಒಂದೇ ನೋಟವನ್ನು ನಂಬಿ ತೀರ್ಪು ಕೊಡುವುದು ಅಪಾಯಕರ. ಅಪೊಪ್ಟೋಸಿಸ್ ಕೆಲವೇ ತಾಸುಗಳಲ್ಲಿ ಮುಗಿಯುವುದರಿಂದ ಗಾಜಿನ ಪಟ್ಟಿಯ ಮೇಲೆ ಅದು ಕಣ್ತಪ್ಪಿಹೋಗಬಹುದು. ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿದ ಕೋಶಗಳನ್ನು ನುಂಗುವವರಿಲ್ಲದಿದ್ದರೆ, ಅಪೊಪ್ಟೋಸಿಸ್‌ನಿಂದ ಸತ್ತವೂ ಕೊನೆಗೆ ಒಡೆದು ನೆಕ್ರೋಸಿಸ್‌ನಂತೆಯೇ ತೋರುತ್ತವೆ. ಆದಕಾರಣ ಎರಡು ಬಣ್ಣಗಳ ಸಾಕ್ಷ್ಯವನ್ನು ಒಟ್ಟಿಗೆ ಪಡೆಯುವ ರೂಢಿಯುಂಟು. ಪೊರೆಯ ಒಳಮೈಯಲ್ಲಿದ್ದ ಒಂದು ಮೇದಸ್ಸು ಹೊರಮೈಗೆ ಬಂದರೆ ಅನೆಕ್ಸಿನ್ ಎಂಬ ಪ್ರೋಟೀನು ಅದಕ್ಕೆ ಅಂಟಿ ಹೊಳೆಯುತ್ತದೆ. ಪ್ರೊಪಿಡಿಯಮ್ ಅಯೊಡೈಡ್ ಎಂಬ ಕೆಂಪು ಬಣ್ಣವು ಪೊರೆ ಹರಿದ ಕೋಶವನ್ನು ಮಾತ್ರ ಹೊಗುತ್ತದೆ. ಮೊದಲನೆಯದು ಹೊಳೆದು ಎರಡನೆಯದು ಹೊಗದಿದ್ದರೆ ಅದು ಅಪೊಪ್ಟೋಸಿಸ್‌ನ ಆರಂಭದ ಗುರುತು. ಎರಡೂ ಕಂಡರೆ ಸಂದೇಹ ಉಳಿಯುತ್ತದೆ; ಆಗ ಹೊತ್ತುಹೊತ್ತಿಗೆ ನೋಡಿ ಮೊದಲು ಯಾವುದು ಬಂತೆಂದು ತಿಳಿಯಬೇಕು.

ಕಣ್ಣಿಗೆ ನೆಕ್ರೋಸಿಸ್‌ನಂತೆಯೇ ಕಂಡರೂ ಕೋಶದೊಳಗಿನ ಪ್ರೋಟೀನುಗಳ ಆಜ್ಞೆಯಂತೆ ನಡೆಯುವ ಸಾವೂ ಉಂಟು. ಅದಕ್ಕೆ 2005ರಲ್ಲಿ ‘ನೆಕ್ರಾಪ್ಟೋಸಿಸ್’ ಎಂಬ ಹೆಸರು ಬಂದಿತು. ಅದನ್ನು ನೋಟದಿಂದ ಮಾತ್ರವೇ ನಿರ್ಣಯಿಸಲಾಗದು. ಆ ಪ್ರೋಟೀನುಗಳನ್ನು ಪರೀಕ್ಷಿಸಲೇಬೇಕು.

ಈ ವಿವೇಚನೆ ಕೇವಲ ಪಂಡಿತರ ಹೆಸರಿನ ಜಗಳವಲ್ಲ. ಹೃದಯಾಘಾತದಲ್ಲಿ ಸ್ನಾಯುಕೋಶಗಳ ಪೊರೆ ಹರಿದು ಟ್ರೊಪೊನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುವುದರಿಂದಲೇ ವೈದ್ಯರು ಅದನ್ನು ರಕ್ತಪರೀಕ್ಷೆಯಲ್ಲಿ ಪತ್ತೆಹಚ್ಚುತ್ತಾರೆ. ಅರ್ಬುದದ ಅನೇಕ ಔಷಧಗಳು ರೋಗಕೋಶಗಳನ್ನು ಅಪೊಪ್ಟೋಸಿಸ್‌ಗೆ ದೂಡುತ್ತವೆ. ಸಾಯಬೇಕಾದ ಕೋಶ ಸಾಯಲು ಒಪ್ಪದಿರುವುದೇ ಆ ರೋಗದ ಒಂದು ಮೂಲ. ಯಾವ ಕೋಶ ಹೇಗೆ ಸತ್ತಿತೆಂದು ತಪ್ಪಾಗಿ ಓದಿದರೆ ಔಷಧದ ಗುಣವನ್ನೂ ತಪ್ಪಾಗಿಯೇ ಅಳೆದಂತಾಗುತ್ತದೆ.

ಕರ್ ಕಂಡ ಉಂಡೆಗಳು ಅವರಿಗಿಂತ ಮೊದಲೂ ಎಷ್ಟೋ ಕಣ್ಣುಗಳ ಮುಂದೆ ಹಾದುಹೋಗಿದ್ದವು. ಅವು ಬೇರೆಯೆಂದು ಅರಿತು, ಏಕೆಂದು ಕೇಳಿ, ಉತ್ತರಕ್ಕಾಗಿ ಸುಮಾರು 10 ವರ್ಷ ಅವರು ದುಡಿದರು. ಈರುಳ್ಳಿಯ ಪೊರೆಯನ್ನು ಮೊದಲ ಬಾರಿಗೆ ಸೂಕ್ಷ್ಮದರ್ಶಕದಡಿ ಇಡುವ ವಿದ್ಯಾರ್ಥಿಗೆ ಉಪಾಧ್ಯಾಯರು ಕಲಿಸಬೇಕಾದುದೂ ಇದನ್ನೇ: ಕಂಡದ್ದನ್ನು ಕಂಡಂತೆಯೇ ಬರೆದಿಡು, ಹೆಸರಿಡಲು ಅವಸರಪಡಬೇಡ.