ಹುಳದ ಔಷಧಿ ಹುಳಕ್ಕೆ ಮಾತ್ರವೇ?

ಆಲೂರು ತಾಲ್ಲೂಕಿನ ಕುಂದೂರು, ಅತ್ತ ಸಕಲೇಶಪುರ ಕಡೆಯ ಅರೇಬಿಕಾ ತೋಟಗಳಿಗೆ ಬಿಳಿ ಕಾಂಡಕೊರಕದ ಕಾಟ ಹಳೆಯದು. ಬೆಳೆಗಾರರ ಬಾಯಲ್ಲಿ ಅದು ಬೋರರ್. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಂಡ ಕೊರೆದು ಗಿಡವನ್ನೇ ಒಣಗಿಸುತ್ತದೆ. ಇದರ ತಡೆಗೆ ಕಾಂಡಕ್ಕೆ ಬಳಿಯುತ್ತ ಬಂದ ಔಷಧಿಗಳಲ್ಲಿ ಕ್ಲೋರ್‌ಪೈರಿಫಾಸ್ ಒಂದು. ಹುಳದ ಮೈಯೇ ಬೇರೆ, ಮನುಷ್ಯನ ಮೈಯೇ ಬೇರೆ, ಆದ್ದರಿಂದ ಬಳಿಯುವವರಿಗೆ ಏನೂ ಆಗದು ಎಂಬುದು ತಪ್ಪು ಕಲ್ಪನೆ.

ಈ ವಿಷ ಹೋಗಿ ಕೂರುವ ಜಾಗ ಎರಡೂ ಮೈಗಳಲ್ಲಿ ಹೆಚ್ಚುಕಡಿಮೆ ಒಂದೇ. ನರಕೋಶವೊಂದು ಮುಂದಿನ ಕೋಶಕ್ಕೆ ಸಂದೇಶ ದಾಟಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಕೆಲಸ ಮುಗಿದೊಡನೆ ಅದನ್ನು ಒಡೆದುಹಾಕುವುದು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ಒಡೆಯುವ ಕೆಲಸ ನಡೆಯುವುದು ಕಿಣ್ವದ ಒಳಕುಳಿಯಲ್ಲಿರುವ ಸೆರೀನ್, ಹಿಸ್ಟಿಡೀನ್, ಗ್ಲುಟಮೇಟ್ ಎಂಬ ಮೂರು ಅಮೈನೊ ಆಮ್ಲಗಳಿಂದ. ಕ್ಲೋರ್‌ಪೈರಿಫಾಸ್ ದೇಹದೊಳಗೆ ರೂಪ ಬದಲಿಸಿ ಆ ಸೆರೀನ್‌ಗೆ ಅಂಟಿಕೊಂಡರೆ ಕಿಣ್ವ ಸ್ತಬ್ಧವಾಗುತ್ತದೆ, ಸಂದೇಶ ನಿಲ್ಲುವುದೇ ಇಲ್ಲ. ಹುಳು ಸೆಟೆದು ಸಾಯುತ್ತದೆ. ಮನುಷ್ಯನಲ್ಲಿ ಬೆವರು, ಜೊಲ್ಲು, ಕುಗ್ಗಿದ ಕಣ್ಣಪಾಪೆ, ಉಸಿರಾಟದ ತೊಂದರೆ. ಕೀಟದ ವಂಶವೂ ಮನುಷ್ಯನ ವಂಶವೂ ಕವಲೊಡೆದು 50 ಕೋಟಿ ವರ್ಷಗಳಿಗೂ ಹೆಚ್ಚಾಗಿದೆ. ಆದರೂ ಆ ಮೂರು ಅಮೈನೊ ಆಮ್ಲಗಳು ಎರಡು ಕಡೆಯೂ ಉಳಿದುಬಂದಿವೆ. ಜೀವಶಾಸ್ತ್ರ ಇಂಥವನ್ನು ಸಂರಕ್ಷಿತ ಎನ್ನುತ್ತದೆ. ಕೈಗವಸು, ಮುಖಗವಸು ಬೇಕೆನ್ನುವುದು ಪುಕ್ಕಲುತನವಲ್ಲ.

ಕಳೆನಾಶಕ ಗ್ಲೈಫೊಸೇಟ್ ತಡೆಯುವ ಕಿಣ್ವವಾದರೆ ಸಸ್ಯ, ಶಿಲೀಂಧ್ರ, ಬ್ಯಾಕ್ಟೀರಿಯಾಗಳಲ್ಲಿದೆ, ಪ್ರಾಣಿಗಳಲ್ಲಿಲ್ಲ. ಹಾಗೆಂದು ಅದು ನಿರಪಾಯಕಾರಿ ಎನ್ನುವುದೂ ತಪ್ಪು. ಆ ಒಂದು ಗುರಿ ಮನುಷ್ಯನಲ್ಲಿಲ್ಲ, ಅಷ್ಟೆ. ಡಬ್ಬಿಯಲ್ಲಿ ಬೆರೆಸಿರುವ ಸಾಬೂನಿನಂಥ ಸಹವಸ್ತು ಹೊಟ್ಟೆಗೆ ಹೋದರೆ ಅದರಿಂದಲೂ ಅಪಾಯವಿದೆ.

ಹೀಗೆ ಕೋಟ್ಯಂತರ ವರ್ಷ ಸಂರಕ್ಷಿತವಾಗಿ ಉಳಿದ ಜೀನ್‌ಗೆ ಉತ್ಪರಿವರ್ತನೆಯೇ ತಟ್ಟುವುದಿಲ್ಲ ಎಂದುಕೊಳ್ಳುವುದುಂಟು. ತಟ್ಟುತ್ತದೆ. ಮುಖ್ಯ ಭಾಗ ಕೆಟ್ಟ ಜೀವಿ ಬದುಕುವುದಿಲ್ಲ, ಬದುಕಿದರೂ ಸಂತತಿ ಮುಂದುವರಿಯುವುದು ಕಷ್ಟ. ಹಾಗಾಗಿ ಉಳಿದವುಗಳಲ್ಲಿ ಹಳೆಯ ರೂಪವೇ ಕಾಣುತ್ತದೆ. ಡಿಎನ್‌ಎ ಎಳೆ ಸುತ್ತಿಕೊಳ್ಳುವ ಹಿಸ್ಟೋನ್ ಎಚ್4 ಪ್ರೋಟೀನಿನ 102 ಅಮೈನೊ ಆಮ್ಲಗಳಲ್ಲಿ ಹಸುವಿಗೂ ಬಟಾಣಿ ಗಿಡಕ್ಕೂ ಇರುವ ವ್ಯತ್ಯಾಸ ಎರಡೇ ಎರಡು. ಒಂದೇ ಜೀನಿನೊಳಗೂ ಬಿಗಿ ಎಲ್ಲೆಡೆ ಒಂದೇ ಸಮ ಇರುವುದಿಲ್ಲ: ರಕ್ತಕ್ಕೆ ಸೇರಿ ಕೆಲಸ ಮಾಡುವ ಇನ್ಸುಲಿನ್ ಭಾಗ ನಿಧಾನವಾಗಿ ಬದಲಾಗಿದೆ, ತಯಾರಿಕೆಯ ಹಂತದಲ್ಲಿ ಕತ್ತರಿಸಿ ತೆಗೆಯುವ ಸಿ-ಪೆಪ್ಟೈಡ್ ತುಂಡು ಬೇಗ ಬದಲಾಗಿದೆ. ಹಸುವಿನ ಇನ್ಸುಲಿನ್ ಮನುಷ್ಯನದಕ್ಕಿಂತ ಮೂರು ಅಮೈನೊ ಆಮ್ಲಗಳಲ್ಲಷ್ಟೇ ಬೇರೆ. ಮಧುಮೇಹಿಗಳಿಗೆ ದಶಕಗಳ ಕಾಲ ಅದನ್ನು ಚುಚ್ಚಲು ಸಾಧ್ಯವಾದದ್ದು ಇದರಿಂದಲೇ.

ಹೋಲಿಕೆ ಇದ್ದ ಮಾತ್ರಕ್ಕೆ ದುಂಬಿಯಿಂದ ಮನುಷ್ಯ ಬಂದನೆಂದಲ್ಲ. ಎರಡಕ್ಕೂ ಮೂಲ ಬೇರೊಂದು ಪ್ರಾಚೀನ ಜೀವಿ.

ಒಂದೇ ವಸ್ತುವನ್ನು ತಯಾರಿಸುವ ಜೀವಿಗಳಿಗೆ ಆ ಕಸುಬು ಒಂದೇ ಪೂರ್ವಜನಿಂದ ಬಂದಿರಲೇಬೇಕು ಎಂಬ ನಂಬಿಕೆಯನ್ನು ಕಾಫಿ ಗಿಡವೇ ಸುಳ್ಳಾಗಿಸಿದೆ. ರೋಬಸ್ಟಾದ ಜೀನೋಮ್ 2014ರಲ್ಲಿ ಪ್ರಕಟವಾಯಿತು. ಕೆಫೀನ್ ತಯಾರಿಸುವ ಅದರ ಜೀನ್‌ಗಳು ಚಹಾ, ಕೋಕೊ ಗಿಡಗಳ ಕೆಫೀನ್ ಜೀನ್‌ಗಳಿಗಿಂತ ಕಾಫಿಯೊಳಗಿನ ಬೇರೆ ಜೀನ್‌ಗಳಿಗೇ ಹತ್ತಿರದವು ಎಂದು ತಿಳಿದುಬಂತು. ಮೀಥೈಲ್ ಗುಂಪು ಜೋಡಿಸುವ ಕಿಣ್ವಗಳ ಹಳೆಯ ಕುಟುಂಬ ಈ ಎಲ್ಲ ಗಿಡಗಳಿಗೂ ಪಿತ್ರಾರ್ಜಿತ. ಅದರಿಂದ ಕೆಫೀನ್ ತಯಾರಿಸುವುದನ್ನು ಕಾಫಿ ತಾನಾಗಿಯೇ ಬೇರೆ ದಾರಿಯಲ್ಲಿ ರೂಢಿಸಿಕೊಂಡಿತು.