ಗುಟುಕು ಗಂಟಲಿಗೆ, ಪೆಟ್ಟು ವಸಡಿಗೆ!

ದಾವಣಗೆರೆ: ಕುಡಿತ ಲಿವರ್ ತಿನ್ನುತ್ತದೆ, ಜೇಬು ತಿನ್ನುತ್ತದೆ, ಸಂಸಾರ ತಿನ್ನುತ್ತದೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅದು ಹಲ್ಲನ್ನೂ ಬುಡಸಮೇತ ಅಲ್ಲಾಡಿಸುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಈ ಊರಿನಲ್ಲಿ ಹಲ್ಲಿನ ಡಾಕ್ಟರಿಗೇನೂ ಬರಗಾಲವಿಲ್ಲ. ಬಾಪೂಜಿ ಡೆಂಟಲ್ ಕಾಲೇಜು 1979ರಲ್ಲೇ ಶುರುವಾಯಿತು. 1991ರಲ್ಲಿ ಇನ್ನೊಂದು ಬಂತು. ಆದರೂ ಹಲ್ಲುನೋವು ಬಂದರೆ ಮೊದಲು ಬ್ರಾಂದಿ ಅಂಗಡಿ ಹುಡುಕುವವರಿದ್ದಾರೆ. 'ಒಂದು ಗುಟುಕು ಬಾಯಲ್ಲಿ ಹಿಡ್ಕೊಳೋ, ನೋವು ಸತ್ತೋಗ್ತದೆ' ಎಂದು ಬಿಟ್ಟಿ ಸಲಹೆ ಕೊಡುವವರೂ ಇದ್ದಾರೆ.

ನೋವು ಸಾಯುವುದಿಲ್ಲ ಸ್ವಾಮಿ! ಬ್ರಾಂದಿ, ವಿಸ್ಕಿ, ರಮ್ಮಿನಲ್ಲಿ ನೂರಕ್ಕೆ ಸುಮಾರು 43 ಪಾಲು ಆಲ್ಕೋಹಾಲು. ಅದು ಬಾಯೊಳಗಿನ ಮೆತ್ತನೆ ಪೊರೆಯನ್ನು ಸುಡುತ್ತದೆ. ಹುಳುಕು, ಕೀವು ಇದ್ದಲ್ಲೇ ಇರುತ್ತವೆ.

ನಿಜವಾದ ಕಥೆ ಶುರುವಾಗುವುದು ಜೊಲ್ಲಿನಿಂದ. ಜೊಲ್ಲು ಬಾಯಿಯ ಕಾವಲುಗಾರ. ಕೂಳಿನ ಚೂರು ತೊಳೆಯುತ್ತದೆ, ಹುಳಿ ತಗ್ಗಿಸುತ್ತದೆ, ಕ್ರಿಮಿಗಳನ್ನು ಹದ್ದುಬಸ್ತಿನಲ್ಲಿಡುತ್ತದೆ. ಕುಡಿದವನ ಬಾಯಿ ಒಣಗುತ್ತದೆ. ಕಾವಲುಗಾರ ರಜೆ ಹೋದ ಹಾಗೆ! ಮಂಡಕ್ಕಿ ಮಿರ್ಚಿ ಜತೆ ಕ್ವಾರ್ಟರ್ ಮುಗಿಸಿದವನು ಬಾಯಿ ಮುಕ್ಕಳಿಸದೆ ಬಿದ್ದುಕೊಂಡರೆ ರಾತ್ರಿಯಿಡೀ ಕ್ರಿಮಿಗಳಿಗೆ ಹಬ್ಬ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟುತ್ತದೆ. ಅದು ಕಲ್ಲಿನಂತೆ ಗಟ್ಟಿಯಾದ ಮೇಲೆ ಎಷ್ಟು ಬ್ರಶ್ ಉಜ್ಜಿದರೂ ಹೋಗದು. ವಸಡು ಊದುತ್ತದೆ, ರಕ್ತ ಒಸರುತ್ತದೆ, ಬಾಯಿ ನಾರುತ್ತದೆ. ಕೊನೆಗೆ ಹಲ್ಲು ಹಿಡಿದ ಮೂಳೆಯೇ ಕರಗುತ್ತದೆ.

ಬಹಳ ಸಲ ಇಷ್ಟೆಲ್ಲ ಆಗುವಾಗ ನೋವೇ ಇರುವುದಿಲ್ಲ. ಅದೇ ಮೋಸ!

ದಿನಾ ಕುಡಿಯುವವನಿಗೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಲಿವರ್ ಕೆಟ್ಟಿದ್ದರೆ ಹಲ್ಲು ಕಿತ್ತಾಗ ರಕ್ತ ನಿಲ್ಲುವುದೂ ತಡ. ಹೀಗಿರುವಾಗ ಪಕ್ಕದಲ್ಲಿ ಹೆಂಡತಿ ಕೂತಿದ್ದಾಳೆಂದು 'ಕುಡಿಯೋದೇ ಇಲ್ಲ ಸಾರ್' ಎಂದು ಡಾಕ್ಟರ ಮುಂದೆ ಸುಳ್ಳು ಹೇಳಿದರೆ ಕಷ್ಟ ಯಾರಿಗೆ? ವಸಡಿನ ಕೀವಿಗೆ ಬರೆದುಕೊಡುವ ಮೆಟ್ರೊನಿಡಜೋಲ್ ಮಾತ್ರೆ ನುಂಗಿ ಮೇಲೆ ಗುಂಡು ಹಾಕಿದರೆ ವಾಂತಿ, ತಲೆನೋವು, ಎದೆ ಡವಡವ ಆಗಬಹುದು. ನಿಜ ಹೇಳುವುದೇ ಕ್ಷೇಮ.

'ನಾನು ಬರೀ ಬಿಯರ್' ಎನ್ನುವವರಿಗೂ ವಿನಾಯಿತಿಯಿಲ್ಲ. ಬಿಯರ್, ವೈನಿನಲ್ಲೂ ಹುಳಿಯಿದೆ. ಅದು ಹಲ್ಲಿನ ಹೊಳಪಿನ ಪದರವನ್ನೇ ಸವೆಸುತ್ತದೆ.

ಇನ್ನು ಗುಂಡಿನ ಜತೆ ತಂಬಾಕು ಸೇರಿದರೆ? ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಂತಿತು, 2013ರಲ್ಲಿ ಗುಟ್ಕಾ ನಿಷೇಧವಾಯಿತು. ಚಟ ಮಾತ್ರ ನಿಂತಿಲ್ಲ. ಮದ್ಯ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಪಟ್ಟಿಗೆ ಸೇರಿಸಿದೆ. ಎರಡೂ ಚಟ ಇದ್ದವನಿಗೆ ಬಾಯಿ ಕ್ಯಾನ್ಸರಿನ ಅಪಾಯ ಕೂಡಿಕೆಯಲ್ಲ, ಗುಣಾಕಾರ!

ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರವಾದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ವಸಡಿನಲ್ಲಿ ರಕ್ತ ಕಂಡರೆ ಕ್ಲೀನಿಂಗ್ ಮಾಡಿಸಬೇಕು. 'ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತವೆ' ಎಂಬುದು ಶುದ್ಧ ಸುಳ್ಳು. ಪಾಚಿ ತೆಗೆದಾಗ ಕಾಣುವ ಸಂದು ರೋಗ ಮೊದಲೇ ಮಾಡಿಟ್ಟದ್ದು. ಕುಡಿತ ಬಿಟ್ಟರೆ ಅತ್ಯುತ್ತಮ. ಬಿಡುವ ತನಕ ನೀರು ಕುಡಿದು, ರಾತ್ರಿ ಹಲ್ಲುಜ್ಜಿಯೇ ಮಲಗಬೇಕು.

ಹಾಲುಹಲ್ಲು ಬಿದ್ದರೆ ಇನ್ನೊಂದು ಬರುತ್ತದೆ. ಆಮೇಲೆ ಬಿದ್ದದ್ದಕ್ಕೆ ಕಟ್ಟಿಸಿದ ಹಲ್ಲೇ ಗತಿ. ಅದರ ಬಿಲ್ಲು ಬಾರಿನ ಬಿಲ್ಲಿಗಿಂತ ದೊಡ್ಡದು!