ದೇಣಿಗೆಯೋ ಸಂಭಾವನೆಯೋ: ಸರಕಾರಿ ಗುತ್ತಿಗೆದಾರರು ಪಕ್ಷಗಳಿಗೆ ಕೊಡುವ ಹಣದ ಕಾನೂನು

ಕನ್ನಡ ಎಂ.ಎ. ಓದುವವಳಿಗೆ ಟೆಂಡರು, ಕಂತ್ರಾಟು, ಪಕ್ಷದ ಫಂಡು ಇದರ ಉಸಾಬರಿ ಯಾಕೆ ಎಂದು ವಿಷಯ ಹೇಳಿದ ದಿನವೇ ತರಗತಿಯಲ್ಲಿ ನಗೆಯಾಯಿತು. ಹಾಗಾಗಿ ಒಂದು ಶಬ್ದದಿಂದಲೇ ಶುರು ಮಾಡುತ್ತೇನೆ.

ನಾನು ಕಾಸರಗೋಡಿನ ಕಡೆಯವಳು. ಮಲಯಾಳದಲ್ಲಿ ‘ಸಂಭಾವನ’ ಅಂದರೆ ದೇಣಿಗೆ. ಪಕ್ಷಕ್ಕೆ ಕೊಟ್ಟರೂ ಸಂಭಾವನ, ಶಾಲೆಯ ಕಟ್ಟಡಕ್ಕೆ ಕೊಟ್ಟರೂ ಸಂಭಾವನ. ಕನ್ನಡದಲ್ಲಿ ‘ಸಂಭಾವನೆ’ ಅಂದರೆ ಭಾಷಣಕ್ಕೆ, ಲೇಖನಕ್ಕೆ, ಭಾಗವತಿಕೆಗೆ, ಒಟ್ಟಿನಲ್ಲಿ ಮಾಡಿದ ಕೆಲಸಕ್ಕೆ ಕೊಡುವ ಹಣ. ಶಬ್ದ ಒಂದೇ, ನಡುವೆ ಗಡಿ ಉಂಟು. ಸೊಲ್ಲಾಪುರದ ಕಡೆಯವರಿಗೆ ಈ ತೊಡಕು ಇಲ್ಲ, ಮರಾಠಿಯ ‘ದೇಣಗಿ’ ನಮ್ಮ ದೇಣಿಗೆಯ ನೆಂಟನೇ. ಆದೋನಿ, ರಾಯದುರ್ಗದಲ್ಲಿ ತೆಲುಗಿನವರು ಅದನ್ನು ‘ವಿರಾಳಂ’ ಎನ್ನುತ್ತಾರೆ. ಆದರೆ ಅವರ ‘ಗುತ್ತೇದಾರು’ ನಮ್ಮ ಗುತ್ತಿಗೆದಾರನೇ. ಸರಕಾರದ ರಸ್ತೆ, ಸೇತುವೆ ಕಟ್ಟುವ ಈ ಗುತ್ತೇದಾರು ಪಕ್ಷವೊಂದಕ್ಕೆ ಹಣ ಕೊಟ್ಟಾಗ ಅದು ಯಾವ ಭಾಷೆಯ ಸಂಭಾವನೆ? ಮಲಯಾಳದ್ದಾ, ಕನ್ನಡದ್ದಾ? ಕಾನೂನು ಬಹಳ ವರ್ಷಗಳಿಂದ ಬಿಡಿಸಲು ನೋಡುತ್ತಿರುವುದೂ ಇದೇ ಗಂಟನ್ನು.

ನಮ್ಮ ದೇಶದಲ್ಲಿ ಒಂದು ಬಾಗಿಲು ಭದ್ರವಾಗಿ ಮುಚ್ಚಿದೆ, ಇನ್ನೊಂದು ಹೆಚ್ಚುಕಡಿಮೆ ತೆರೆದೇ ಇದೆ. ಮುಚ್ಚಿದ ಬಾಗಿಲು ಗುತ್ತಿಗೆದಾರ ತಾನೇ ಚುನಾವಣೆಗೆ ನಿಲ್ಲುವುದು. 1951ರ ಜನಪ್ರಾತಿನಿಧ್ಯ ಕಾಯ್ದೆಯ 9ಎ ಕಲಮಿನ ಪ್ರಕಾರ, ಸಂಬಂಧಪಟ್ಟ ಸರಕಾರಕ್ಕೆ ಸರಕು ಒದಗಿಸುವ ಅಥವಾ ಅದರ ಕಾಮಗಾರಿ ಮಾಡುವ ಗುತ್ತಿಗೆ ಚಾಲ್ತಿಯಲ್ಲಿ ಇರುವಷ್ಟು ಕಾಲ ಆ ವ್ಯಕ್ತಿ ಅನರ್ಹ. ಇಲ್ಲಿ ‘ಸಂಬಂಧಪಟ್ಟ ಸರಕಾರ’ ಎಂಬುದನ್ನು ಸ್ವಲ್ಪ ನಿಂತು ಓದಬೇಕು. ಸಂಸತ್ತಿನ ಚುನಾವಣೆಗಾದರೆ ಕೇಂದ್ರ ಸರಕಾರ, ವಿಧಾನಸಭೆಗಾದರೆ ಆ ರಾಜ್ಯದ ಸರಕಾರ. ಅಂದರೆ ಕೇರಳ ಲೋಕೋಪಯೋಗಿ ಇಲಾಖೆಯ ರಸ್ತೆ ಮಾಡುತ್ತಿರುವವರು ಕೇರಳ ವಿಧಾನಸಭೆಗೆ ನಿಲ್ಲುವ ಹಾಗಿಲ್ಲ, ಲೋಕಸಭೆಗೆ ಈ ಕಲಮು ಅಡ್ಡ ಬರುವುದಿಲ್ಲ. ನಮ್ಮಂಥ ಗಡಿಯವರಿಗೆ ಇನ್ನೊಂದು ಸಂಗತಿಯೂ ಉಂಟು. ಮಂಜೇಶ್ವರದಲ್ಲಿ ಮತ ಇದ್ದು ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಸರಕಾರದ ಕೆಲಸ ಹಿಡಿದವರಿಗೆ ಆ ಗುತ್ತಿಗೆ ಕೇರಳದ ವಿಧಾನಸಭೆಗೆ ಅಡ್ಡಿಯಾಗದು. ಕಾಯ್ದೆಯ ಮಾತು ಹಿಡಿದು ಓದಿದರೆ ಬರುವ ಅರ್ಥ ಅದೇ.

ಇದೇ ಕಲಮಿನ ವಿವರಣೆಯಲ್ಲಿ ಒಂದು ಸಮಾಧಾನದ ಮಾತಿದೆ. ಗುತ್ತಿಗೆದಾರ ತನ್ನ ಪಾಲಿನ ಕೆಲಸ ಪೂರ್ತಿ ಮುಗಿಸಿದ್ದು, ಸರಕಾರ ಮಾತ್ರ ಬಿಲ್ಲು ಪಾವತಿಸದೆ ಬಾಕಿ ಇಟ್ಟಿದ್ದರೆ, ಅಷ್ಟಕ್ಕೇ ಗುತ್ತಿಗೆ ಚಾಲ್ತಿಯಲ್ಲಿದೆ ಎಂದು ಎಣಿಸುವಂತಿಲ್ಲ. ಬಿಲ್ಲಿಗಾಗಿ ಕಚೇರಿಯ ಮೆಟ್ಟಿಲು ಸವೆಸಿದವರಿಗೆ ಈ ವಾಕ್ಯದ ಬೆಲೆ ಗೊತ್ತು. ನಿಲ್ಲುವ ಯೋಚನೆ ಇದ್ದವರು ಕೆಲಸ ಮುಗಿದ ಪ್ರಮಾಣಪತ್ರವನ್ನು ನಾಮಪತ್ರದ ಮುಂಚೆಯೇ ಕೈಯಲ್ಲಿ ಇಟ್ಟುಕೊಳ್ಳಬೇಕು. ಪಂಚಾಯತು ಚುನಾವಣೆಗೆ ಆಯಾ ರಾಜ್ಯದ ಕಾಯ್ದೆ ಬೇರೆ, ಅದನ್ನು ಬೇರೆಯಾಗಿಯೇ ನೋಡಬೇಕು.

ಈಗ ತೆರೆದ ಬಾಗಿಲು. ಸರಕಾರಿ ಗುತ್ತಿಗೆ ಇರುವ ಖಾಸಗಿ ಕಂಪೆನಿ ಪಕ್ಷಕ್ಕೆ ಹಣ ಕೊಡಬಾರದು ಎಂಬ ನಿಷೇಧ ನಮ್ಮ ಕೇಂದ್ರ ಕಾನೂನಿನಲ್ಲಿ ಇಲ್ಲ. ಸರಕಾರದ್ದೇ ಆದ ಕಂಪೆನಿ ಕೊಡಬಾರದು, ವಿದೇಶಿ ಮೂಲದಿಂದ ಬರಬಾರದು, ಅಷ್ಟೆ. ಉಳಿದವರಿಗೆ ಇರುವುದು ಎಲ್ಲಾ ಕಂಪೆನಿಗಳಿಗೂ ಇರುವ ಸಾಮಾನ್ಯ ನಿಯಮ, 2013ರ ಕಂಪೆನಿ ಕಾಯ್ದೆಯ 182ನೇ ಕಲಮು. ಕಂಪೆನಿಗೆ ಕನಿಷ್ಠ ಮೂರು ಹಣಕಾಸು ವರ್ಷ ತುಂಬಿರಬೇಕು. ನಿರ್ದೇಶಕ ಮಂಡಳಿಯ ಸಭೆಯಲ್ಲಿ ನಿರ್ಣಯ ಆಗಬೇಕು. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ನ್ನು ಮೀರುವಂತಿಲ್ಲ. ಲಾಭ 20 ಲಕ್ಷ, 30 ಲಕ್ಷ, 40 ಲಕ್ಷ ಇತ್ತು ಎಂದಿಟ್ಟುಕೊಳ್ಳಿ. ಸರಾಸರಿ 30 ಲಕ್ಷ, ಕೊಡಬಹುದಾದದ್ದು ವರ್ಷಕ್ಕೆ 2.25 ಲಕ್ಷ. ಹಣ ಬ್ಯಾಂಕಿನ ಮೂಲಕವೇ ಹೋಗಬೇಕು, ಯಾವ ಪಕ್ಷಕ್ಕೆ ಎಷ್ಟು ಎಂಬುದು ಲಾಭನಷ್ಟದ ಲೆಕ್ಕದಲ್ಲಿ ಕಾಣಬೇಕು. ತಪ್ಪಿದರೆ ಕೊಟ್ಟದ್ದರ ಐದು ಪಟ್ಟಿನವರೆಗೆ ದಂಡ, ಹೊಣೆ ಹೊತ್ತ ಅಧಿಕಾರಿಗೆ ಆರು ತಿಂಗಳವರೆಗೆ ಜೈಲೂ ಉಂಟು.

ಆದರೆ ನಮ್ಮ ಊರಿನ ಗುತ್ತಿಗೆದಾರರಲ್ಲಿ ಕಂಪೆನಿ ಎಷ್ಟು ಜನರದ್ದು ಮಾರಾಯ್ರೇ? ಹೆಚ್ಚಿನವರು ಸ್ವಂತ ಹೆಸರಿನಲ್ಲೋ ಪಾಲುದಾರಿಕೆಯಲ್ಲೋ ಕೆಲಸ ಹಿಡಿದವರು. ಅವರಿಗೆ ಈ ಶೇ. 7.5ರ ಮಿತಿಯೇ ಇಲ್ಲ. ಪಕ್ಷದ ಕಡೆಯಿಂದ ಎರಡು ಕಟ್ಟು ಮಾತ್ರ: 2,000 ರೂಪಾಯಿಗಿಂತ ಮೇಲಿನ ದೇಣಿಗೆಯನ್ನು ನಗದಾಗಿ ಪಡೆದರೆ ಪಕ್ಷ ತೆರಿಗೆ ವಿನಾಯಿತಿ ಕಳೆದುಕೊಳ್ಳುತ್ತದೆ, ವರ್ಷದಲ್ಲಿ 20,000 ಮೀರಿ ಕೊಟ್ಟವರ ವಿವರವನ್ನು ಅದು ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕು. ನಗದು ಕೊಟ್ಟ ಗುತ್ತಿಗೆದಾರನಿಗೂ ಆದಾಯ ತೆರಿಗೆಯಲ್ಲಿ ಕಡಿತ ಸಿಗುವುದಿಲ್ಲ.

ಈ ಮಿತಿಗಳ ಕಥೆಯೇ ಒಂದು ಏರಿಳಿತ. 1969ರಲ್ಲಿ ಕಂಪೆನಿ ದೇಣಿಗೆಯನ್ನು ಪೂರ್ತಿ ನಿಷೇಧಿಸಿದರು, 1985ರಲ್ಲಿ ಮಿತಿ ಹಾಕಿ ಮತ್ತೆ ಬಿಟ್ಟರು. 2017ರಲ್ಲಿ ಆ ಮಿತಿಯನ್ನೇ ತೆಗೆದರು. ಯಾವ ಪಕ್ಷಕ್ಕೆ ಎಂದು ಹೇಳಬೇಕಾಗಿಲ್ಲ ಎಂದೂ ಮಾಡಿದರು. 2018ರಿಂದ ಚುನಾವಣಾ ಬಾಂಡು ಬಂತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಬಾಂಡನ್ನೂ ಈ ತಿದ್ದುಪಡಿಗಳನ್ನೂ ಅಸಿಂಧು ಎಂದಿತು. ವ್ಯಕ್ತಿಯೊಬ್ಬ ಕೊಡುವ ದೇಣಿಗೆಯಲ್ಲಿ ಒಲವು, ನಂಬಿಕೆ ಇರಬಹುದು, ಕಂಪೆನಿ ಕೊಡುವುದು ಪ್ರತಿಫಲದ ಲೆಕ್ಕ ಇಟ್ಟ ವ್ಯವಹಾರ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ನನ್ನ ಓದಿನಲ್ಲಿ ಅದು ಮಲಯಾಳದ ಸಂಭಾವನಕ್ಕೂ ಕನ್ನಡದ ಸಂಭಾವನೆಗೂ ನಡುವಿನ ಗೆರೆಯೇ.

ಮಾರ್ಚಿನಲ್ಲಿ ಆಯೋಗ ಹೆಸರುಗಳನ್ನು ಪ್ರಕಟಿಸಿದಾಗ, ಖರೀದಿದಾರರ ಪಟ್ಟಿಯಲ್ಲಿ ಎರಡನೆಯ ಸ್ಥಾನ 966 ಕೋಟಿಯ ಬಾಂಡು ಕೊಂಡ ಹೈದರಾಬಾದಿನ ಮೇಘಾ ಎಂಜಿನಿಯರಿಂಗ್‌ನದ್ದು. ಸರಕಾರಿ ನೀರಾವರಿ ಯೋಜನೆಗಳನ್ನು ಕಟ್ಟುವ ಸಂಸ್ಥೆ ಅದು. ಬಾಂಡು ಕೊಂಡದ್ದು ಅಂದಿನ ಕಾನೂನಿನಲ್ಲಿ ಅಪರಾಧವಲ್ಲ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ನಂಟು ಉಂಟೋ ಎಂದು ವಿಶೇಷ ತಂಡದಿಂದ ತನಿಖೆ ಮಾಡಿಸಬೇಕು ಎಂಬ ಮನವಿಯನ್ನು ಆಗಸ್ಟ್ 2ರಂದು ಕೋರ್ಟು ಒಪ್ಪಲಿಲ್ಲ.

ಅಮೆರಿಕದಲ್ಲಿ ಈ ಎರಡನೆಯ ಬಾಗಿಲನ್ನೂ 1940ರಲ್ಲೇ ಮುಚ್ಚಿದರು. ಫೆಡರಲ್ ಸರಕಾರದ ಜತೆ ಗುತ್ತಿಗೆಯ ಮಾತುಕತೆ ಶುರುವಾದಲ್ಲಿಂದ ಕೆಲಸ ಮುಗಿಯುವವರೆಗೆ ಗುತ್ತಿಗೆದಾರ ಫೆಡರಲ್ ಚುನಾವಣೆಗೆ ದೇಣಿಗೆ ಕೊಡುವಂತಿಲ್ಲ. ಕಂಪೆನಿಯ ಅಧಿಕಾರಿಗಳು ತಮ್ಮ ಸ್ವಂತ ಕಿಸೆಯಿಂದ ಕೊಡಬಹುದು. ಒಬ್ಬಂಟಿಯಾಗಿ ಗುತ್ತಿಗೆ ಹಿಡಿದ ವ್ಯಕ್ತಿ ಮಾತ್ರ ಅದನ್ನೂ ಮಾಡುವಂತಿಲ್ಲ. ಇದು ಅನ್ಯಾಯ ಎಂದು ಕೆಲವರು ಹೂಡಿದ ವಾಗ್ನರ್ ಮೊಕದ್ದಮೆಯಲ್ಲಿ 2015ರಲ್ಲಿ ಮೇಲ್ಮನವಿ ನ್ಯಾಯಾಲಯ ನಿಷೇಧವನ್ನೇ ಎತ್ತಿಹಿಡಿಯಿತು. ಗುತ್ತಿಗೆದಾರ ಹಣ ಕೊಟ್ಟು ಕೆಲಸ ಕೊಳ್ಳುವುದು ಒಂದು ಭಯ. ಅಧಿಕಾರದಲ್ಲಿದ್ದವರು ಗುತ್ತಿಗೆದಾರನನ್ನು ಹಿಂಡುವುದು ಇನ್ನೊಂದು ಭಯ. 1930ರ ದಶಕದಲ್ಲಿ ಅಲ್ಲಿ ಗುತ್ತಿಗೆದಾರರ ಕೈಯಲ್ಲಿ ಪಕ್ಷದ ಪ್ರಚಾರ ಪುಸ್ತಕಗಳನ್ನು ದುಬಾರಿ ಬೆಲೆಗೆ ಕೊಳ್ಳಿಸುತ್ತಿದ್ದರಂತೆ. ಸಾಹಿತ್ಯದವರಾದ ನಾವು ಪುಸ್ತಕ ಮಾರಾಟದ ಈ ಪ್ರಕಾರವನ್ನು ಎಲ್ಲೂ ಓದಿಲ್ಲ!

ಇಲ್ಲಿಯೂ ಹಾಗೆಯೇ ಪೂರ್ತಿ ನಿಷೇಧಿಸಬೇಕು ಎಂದು ನಾನು ಹೇಳುವುದಿಲ್ಲ. ನಿಷೇಧ ಇದ್ದ 1969ರಿಂದ 1985ರವರೆಗೆ ಹಣ ನಿಲ್ಲಲಿಲ್ಲ, ಲೆಕ್ಕದ ಹೊರಗೆ ಹೋಯಿತು ಎಂಬುದು ವ್ಯಾಪಕವಾಗಿ ಒಪ್ಪಿದ ಮಾತು. ಆದರೆ ಟೆಂಡರು ಹಾಕುವವನು ಹಿಂದಿನ ಮೂರು ವರ್ಷದಲ್ಲಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟೆ ಎಂದು ಟೆಂಡರಿನ ಕಾಗದದಲ್ಲೇ ಬರೆಯಲಿ ಎನ್ನುವುದು ದೊಡ್ಡ ಬೇಡಿಕೆ ಅಲ್ಲ. ಈಗ ದೇಣಿಗೆಯ ಪಟ್ಟಿ ಒಂದು ಕಡೆ, ಗುತ್ತಿಗೆಯ ಪಟ್ಟಿ ಇನ್ನೊಂದು ಕಡೆ. ಎರಡನ್ನೂ ಜೋಡಿಸಿ ಓದುವ ಕೆಲಸ ಪತ್ರಕರ್ತರ ಪಾಲಿಗೆ ಬಿದ್ದಿದೆ. ಒಂದು ಎಚ್ಚರಿಕೆ: ಕೆಲಸ ಸಿಗಲಿ ಎಂದು ಕೊಟ್ಟದ್ದು ಸಾಬೀತಾದರೆ ದೇಣಿಗೆಯ ರಶೀದಿ ರಕ್ಷಣೆಗೆ ಬರುವುದಿಲ್ಲ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆ ಕೊಟ್ಟವರನ್ನೂ, ಕೊಟ್ಟ ಸಂಸ್ಥೆಯನ್ನೂ ಹಿಡಿಯುತ್ತದೆ.

ಅಕ್ಕಲಕೋಟೆಯ ಗೆಳೆಯರೊಬ್ಬರು ಚಾಟಿನಲ್ಲಿ ಕೇಳಿದ್ದಾರೆ: ಗುತ್ತಿಗೆ ಹೆಂಡತಿಯ ಹೆಸರಿನಲ್ಲಿದ್ದರೆ ಗಂಡ ವಿಧಾನಸಭೆಗೆ ನಿಲ್ಲಬಹುದಾ? 9ಎ ಹೇಳುವುದು ಆ ವ್ಯಕ್ತಿ ತಾನೇ ಮಾಡಿಕೊಂಡ ಗುತ್ತಿಗೆಯನ್ನು. ಆದ್ದರಿಂದ ಅಷ್ಟಕ್ಕೇ ಅನರ್ಹತೆ ಬರುವುದಿಲ್ಲ. ಆದರೆ ನಾಮಪತ್ರದ ಜತೆ ಕೊಡುವ 26ನೇ ನಮೂನೆಯ ಪ್ರಮಾಣಪತ್ರದಲ್ಲಿ ಸಂಗಾತಿಯ, ಅವಲಂಬಿತರ, ಪಾಲುದಾರಿಕೆ ಸಂಸ್ಥೆಯ ಸರಕಾರಿ ಗುತ್ತಿಗೆಗಳನ್ನೂ ಬರೆಯಬೇಕು ಅಣ್ಣಾ. ಆ ಕಾಲಮನ್ನು ಖಾಲಿ ಬಿಡಲಿಕ್ಕೆ ಆಗುವುದಿಲ್ಲ, ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಬೇಕು.